ಮಲೇರಿಯಾಕ್ಕೆ ನಾಟಿ ಔಷಧಿ ಗಿಡವನ್ನು ಪರೀಕ್ಷಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಈ ಗಿಡದ ಕಷಾಯ ಕುಡಿದರೆ ಮಲೇರಿಯಾ ವಾಸಿಯಾಗುತ್ತದೆ." ಈ ಒಂದು ಮಾತಿನ ಹಿಂದೆ ಮೂರು ಪ್ರಶ್ನೆಗಳಿವೆ. ಬಂದದ್ದು ಮಲೇರಿಯಾನೇ ಹೌದಾ? ಜ್ವರ ಇಳಿದದ್ದು ಕಷಾಯದಿಂದಲಾ, ಇಲ್ಲಾ ತಾನಾಗಿಯೇ ಇಳಿಯಿತಾ? ಜ್ವರ ಇಳಿದ ಮೇಲೆ ರಕ್ತದಲ್ಲಿದ್ದ ರೋಗಾಣು ಹೋಯಿತಾ, ಅಲ್ಲೇ ಉಳಿಯಿತಾ? ಗಿಡವನ್ನು ಪರೀಕ್ಷಿಸುವುದು ಎಂದರೆ ಈ ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಹುಡುಕುವುದು.

ಔಷಧಶಾಸ್ತ್ರ, ಸಸ್ಯಶಾಸ್ತ್ರ, ಆಯುರ್ವೇದ ಓದುತ್ತಿರುವವರಿಗೆ, ಹೊಸದಾಗಿ ಸಂಶೋಧನೆಗೆ ಇಳಿದವರಿಗೆ ಈ ಬರಹ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲ. ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ಮಲೇರಿಯಾಕ್ಕೆ 24 ಗಂಟೆಯೊಳಗೆ ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಕ್ಕೆ ಅಪಾಯ ತರುವ ಮಟ್ಟಕ್ಕೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳಾದವು. ಸುಮಾರು 5 ಲಕ್ಷ 97 ಸಾವಿರ ಜನ ಸತ್ತರು. ಜ್ವರ ಬಂದವರಿಗೆ ರಕ್ತಪರೀಕ್ಷೆ ಮತ್ತು ಮಾನ್ಯತೆ ಪಡೆದ ಔಷಧಿ ಮೊದಲು ಸಿಗಬೇಕು. ಉಳಿದದ್ದೆಲ್ಲ ಆಮೇಲೆ.

ಹಂತ 1: ಲ್ಯಾಬಿಗೆ ಹೋಗುವ ಮುಂಚೆ ಜನರನ್ನು ಕೇಳಿ

ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಯಾವುದೋ ಪಟ್ಟಿಯಿಂದ ಹತ್ತು ಗಿಡ ಆರಿಸಿ, ಎಲೆ ಒಣಗಿಸಿ, ಸಾರ ತೆಗೆದು, ನೇರವಾಗಿ ರೋಗಾಣುವಿನ ಮೇಲೆ ಹಾಕಿಬಿಡುತ್ತಾರೆ. ಮಲೇರಿಯಾಕ್ಕೋ ಜ್ವರಕ್ಕೋ ಬಳಸುವ ಗಿಡಗಳೆಂದು ದಾಖಲಾಗಿರುವ ಜಾತಿಗಳೇ 1,200ಕ್ಕೂ ಜಾಸ್ತಿ. ಅದರಲ್ಲಿ ಸುಮ್ನೆ ಹತ್ತನ್ನು ಆರಿಸಿದರೆ ಅದೃಷ್ಟ ನಂಬಿ ಕೂತಂತೆ.

ಇದಕ್ಕಿಂತ ಒಳ್ಳೆಯ ದಾರಿಯನ್ನು ಆಫ್ರಿಕಾದ ಮಾಲಿ ದೇಶದಲ್ಲಿ ಕೆಲಸ ಮಾಡಿದ ತಂಡವೊಂದು ತೋರಿಸಿಕೊಟ್ಟಿದೆ. ಅವರು ನಾಟಿ ವೈದ್ಯರ ಬಳಿ "ಯಾವ ಗಿಡ ಒಳ್ಳೆಯದು?" ಎಂದು ಮಾತ್ರ ಕೇಳಿ ಸುಮ್ಮನಾಗಲಿಲ್ಲ. ಮನೆಮನೆಗೆ ಹೋಗಿ, ಇತ್ತೀಚೆಗೆ ಮಲೇರಿಯಾ ಎನಿಸಿದ ಜ್ವರ ಯಾರಿಗೆ ಬಂದಿತ್ತು, ಏನು ಕೊಟ್ಟರು, ಆಮೇಲೆ ಏನಾಯಿತು ಎಂದು ಕೇಳಿದರು. ಯಾವ ಗಿಡ ಬಳಸಿದವರು ಜಾಸ್ತಿ ಗುಣವಾದರು ಎಂಬುದನ್ನು ಲೆಕ್ಕ ಹಾಕಿ ನೋಡಿದರು. ಹಾಗೆ ಮುಂದೆ ಬಂದ ಗಿಡ ಆರ್ಗೆಮೋನ್ ಮೆಕ್ಸಿಕಾನಾ. ಹಳದಿ ಹೂವು ಬಿಡುವ, ಎಲೆಯ ತುಂಬ ಮುಳ್ಳಿರುವ, ಬೀಳು ಜಮೀನಿನಲ್ಲಿ ತಾನಾಗಿ ಬೆಳೆಯುವ ಗಿಡ ಅದು.

ನೀವು ಕೇಳುವಾಗ ಇಷ್ಟನ್ನು ಬರೆದುಕೊಳ್ಳಿ: ಗಿಡದ ಯಾವ ಭಾಗ, ಹಸಿಯೋ ಒಣಗಿದ್ದೋ, ಎಷ್ಟು ನೀರಿಗೆ ಎಷ್ಟು, ಎಷ್ಟು ಹೊತ್ತು ಕುದಿಸುತ್ತಾರೆ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ರೋಗಿಯ ವಯಸ್ಸು, ರಕ್ತಪರೀಕ್ಷೆ ಆಗಿತ್ತಾ, ಜೊತೆಗೆ ಮಾತ್ರೆಯನ್ನೂ ತೆಗೆದುಕೊಂಡಿದ್ದರಾ ಎನ್ನುವುದೂ ಬೇಕು. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಕಷಾಯದ ಜೊತೆ ಮಾತ್ರೆಯೂ ಹೋಗಿದ್ದರೆ ಯಾವುದರ ಗುಣ ಯಾವುದಕ್ಕೆ ಸೇರಬೇಕು? ಯಾರಿಗೆ ಗುಣವಾಗಲಿಲ್ಲ ಎಂದೂ ಕೇಳಿ. ಅದನ್ನು ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಈ ಜ್ಞಾನ ಅವರದು. ಏನು ಮಾಡುತ್ತೇವೆ, ಫಲಿತಾಂಶ ಯಾರಿಗೆ ಹೋಗುತ್ತದೆ, ಮುಂದೆ ಹಣ ಬಂದರೆ ಅವರ ಪಾಲು ಏನು ಎಂಬುದನ್ನು ಮೊದಲೇ ಹೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದ ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದನ್ನೇ ಹೇಳುತ್ತದೆ. ಆಯಾ ದೇಶದ ಜೀವವೈವಿಧ್ಯ ಕಾನೂನಿನ ಅನುಮತಿಯೂ ಬೇಕಾಗಬಹುದು. ಗಿಡ ಕೀಳುವ ಮುಂಚೆಯೇ ಅದನ್ನು ವಿಚಾರಿಸಿಕೊಳ್ಳಿ.

ಹಂತ 2: ಗಿಡದ ಗುರುತು ಗಟ್ಟಿ ಮಾಡಿಕೊಳ್ಳಿ

ಒಂದೇ ಹೆಸರಿನಲ್ಲಿ ನಾಲ್ಕು ಗಿಡ, ಒಂದೇ ಗಿಡಕ್ಕೆ ನಾಲ್ಕು ಹೆಸರು ಇರುವುದು ಎಲ್ಲ ಕಡೆ ಇದ್ದದ್ದೇ. ಚೀನಾದ ಹಳೆಯ ಗ್ರಂಥಗಳಲ್ಲಿ ಬರುವ ಚಿಂಗ್‌ಹಾವ್ ಎಂಬ ಹೆಸರಿಗೆ ಆರ್ಟಿಮಿಸಿಯಾ ಕುಲದ ಹಲವು ಜಾತಿಗಳು ಸೇರುತ್ತಿದ್ದವು. ಅವುಗಳಲ್ಲಿ ಮಲೇರಿಯಾ ರೋಗಾಣುವನ್ನು ಕೊಲ್ಲುವ ಆರ್ಟಿಮಿಸಿನಿನ್ ಬೇಕಾದಷ್ಟು ಇದ್ದದ್ದು ಆರ್ಟಿಮಿಸಿಯಾ ಆನ್ಯುವಾದಲ್ಲಿ. ಬೇರೆ ಜಾತಿ ಹಿಡಿದಿದ್ದರೆ ಇಪ್ಪತ್ತನೆಯ ಶತಮಾನದ ಅಷ್ಟು ದೊಡ್ಡ ಔಷಧಿ ಕೈತಪ್ಪುತ್ತಿತ್ತು.

ಹೂವು ಅಥವಾ ಕಾಯಿ ಇರುವ ರೆಂಬೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ) ಕೊಡಿ. ತಜ್ಞರಿಂದ ಗುರುತು ಮಾಡಿಸಿ, ನೋಂದಣಿ ಸಂಖ್ಯೆ ಪಡೆಯಿರಿ. ಕಿತ್ತ ಜಾಗ, ದಿನಾಂಕ, ಗಿಡದ ಬೆಳವಣಿಗೆಯ ಹಂತ ಎಲ್ಲ ದಾಖಲಾಗಲಿ. ಗಿಡದೊಳಗಿನ ರಾಸಾಯನಿಕ ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ಆರ್ಟಿಮಿಸಿಯಾ ಆನ್ಯುವಾದ ಎಲೆಯಲ್ಲಿ ಹೂ ಬಿಡುವ ಹೊತ್ತಿಗೆ ಆರ್ಟಿಮಿಸಿನಿನ್ ಜಾಸ್ತಿ ಇರುತ್ತದೆ. ಹರ್ಬೇರಿಯಂನ ನೋಂದಣಿ ಸಂಖ್ಯೆಯಿಲ್ಲದೆ ಮಾಡಿದ ಕೆಲಸವನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಲು ಆಗುವುದಿಲ್ಲ.

ಹಂತ 3: ವಿಷದ ಕಥೆ ಮೊದಲು ಓದಿ

ಎಷ್ಟೋ ತಲೆಮಾರಿನಿಂದ ಬಳಸಿದ್ದಾರೆ, ಹಾಗಾಗಿ ಅಪಾಯ ಇಲ್ಲ ಎನ್ನುವ ಮಾತು ಅರ್ಧ ಮಾತ್ರ ನಿಜ. ಕುಡಿದ ಕೂಡಲೇ ವಾಂತಿಯಾದರೆ ಜನಕ್ಕೆ ಗೊತ್ತಾಗುತ್ತದೆ. ವರ್ಷಗಳ ನಂತರ ಕಾಣುವ ಹಾನಿಯನ್ನು ಯಾರೂ ಆ ಗಿಡಕ್ಕೆ ಜೋಡಿಸುವುದಿಲ್ಲ. ಈಶ್ವರಿ ಬಳ್ಳಿಯ ಕುಲವಾದ ಅರಿಸ್ಟೋಲೋಕಿಯಾದ ಗಿಡಗಳನ್ನು ಹಲವು ದೇಶಗಳಲ್ಲಿ ಜ್ವರಕ್ಕೆ ಬಳಸುತ್ತಾರೆ. ಅದರಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಇದು ಸಾಬೀತಾದ ಸಂಗತಿ. ಅಂಥ ಗಿಡ ನಿಮ್ಮ ಪಟ್ಟಿಯಲ್ಲಿದ್ದರೆ ಅಲ್ಲಿಗೇ ಬಿಡಿ.

ಭಾಗ ಬದಲಾದರೂ ಕಥೆ ಬದಲಾಗುತ್ತದೆ. ಮಾಲಿಯಲ್ಲಿ ಬಳಸಿದ್ದು ಆರ್ಗೆಮೋನ್ ಗಿಡದ ನೆಲದ ಮೇಲಿನ ಭಾಗದ ಕಷಾಯ. ಅದೇ ಗಿಡದ ಬೀಜದ ಎಣ್ಣೆ ಅಡುಗೆ ಎಣ್ಣೆಗೆ ಬೆರೆತರೆ ಮೈ ಊದಿಕೊಂಡು ಹೃದಯ ಸೋಲುವ ಎಪಿಡೆಮಿಕ್ ಡ್ರಾಪ್ಸಿ ಬರುತ್ತದೆ. 1998ರಲ್ಲಿ ದೆಹಲಿಯಲ್ಲಿ ಅದರಿಂದ ಸಾವುಗಳಾದವು. ಹಾಗಾಗಿ ಬೀಜ ಬೆರೆಯದಂತೆ ನೋಡಿಕೊಳ್ಳುವುದೂ ಪರೀಕ್ಷೆಯ ಒಂದು ಭಾಗ.

ಹಂತ 4: ಸಾರ ತೆಗೆಯುವುದು

ಮೊದಲ ಸಾರ ಜನ ಮಾಡಿಕೊಳ್ಳುವ ಕ್ರಮದಲ್ಲೇ ಇರಲಿ. ಅವರು ಕುದಿಸಿದರೆ ನೀವೂ ಕುದಿಸಿ. ಅವರು ಹಸಿ ರಸ ಹಿಂಡಿದರೆ ನೀವೂ ಹಿಂಡಿ. ಜೊತೆಗೆ ಹೋಲಿಕೆಗಾಗಿ ಹೆಕ್ಸೇನ್, ಈಥೈಲ್ ಅಸಿಟೇಟ್, ಮೆಥನಾಲ್ ಸಾರಗಳನ್ನೂ ಮಾಡಿಟ್ಟುಕೊಳ್ಳಿ.

ಈ ಮಾತಿಗೆ ದೊಡ್ಡ ಆಧಾರವೇ ಇದೆ. ಮಲೇರಿಯಾಕ್ಕೆ ಔಷಧಿ ಹುಡುಕಲು ಚೀನಾದಲ್ಲಿ 1967ರ ಮೇ 23ರಂದು ಶುರುವಾದ ಯೋಜನೆ 523ರಲ್ಲಿ ವಿಜ್ಞಾನಿ ತು ಯೂಯೂ ಅವರ ತಂಡ ಸುಮಾರು 200 ಗಿಡಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರ ತೆಗೆದು ಇಲಿಗಳಲ್ಲಿ ಪರೀಕ್ಷಿಸಿತು. ಚಿಂಗ್‌ಹಾವ್ ಒಮ್ಮೆ ಕೆಲಸ ಮಾಡಿತು, ಮತ್ತೆ ಮಾಡಿದಾಗ ಮಾಡಲಿಲ್ಲ. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯರ ಕೈಪಿಡಿಯಲ್ಲಿ ಒಂದು ಹಿಡಿ ಚಿಂಗ್‌ಹಾವ್ ಅನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಅಲ್ಲಿಲ್ಲ. ಬಿಸಿಗೆ ಗುಣ ಹಾಳಾಗುತ್ತಿರಬಹುದು ಎಂದು ತು ಊಹಿಸಿದರು. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳಲ್ಲಿ ರೋಗಾಣುವನ್ನು ಪೂರ್ತಿ ಅಳಿಸಿತು. ಅವರಿಗೆ 2015ರಲ್ಲಿ ನೊಬೆಲ್ ಬಂತು. ಮಾಡುವ ವಿಧಾನವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ ಎಂದು ಮೊದಲ ಹಂತದಲ್ಲಿ ಹೇಳಿದ್ದು ಇದಕ್ಕೇ.

ಕೆಲಸದ ಕ್ರಮ ಸರಳ. ಗಿಡವನ್ನು ನೆರಳಿನಲ್ಲಿ, 40 ಡಿಗ್ರಿ ದಾಟದಂತೆ ಒಣಗಿಸಿ. ಪುಡಿ ಮಾಡಿ 1 ಭಾಗಕ್ಕೆ 10 ಭಾಗ ದ್ರಾವಕ ಹಾಕಿ. ಸೋಸಿ. ದ್ರಾವಕವನ್ನು ರೋಟರಿ ಇವಾಪೊರೇಟರ್‌ನಲ್ಲಿ ಆವಿ ಮಾಡಿ. ನೀರಿನ ಸಾರವಾದರೆ ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿ ಒಣಗಿಸಿ). 100 ಗ್ರಾಂ ಪುಡಿಗೆ ಎಷ್ಟು ಗ್ರಾಂ ಸಾರ ಬಂತು ಎಂದು ಬರೆದಿಡಿ. ಮುಂದೆ ಡೋಸ್ ಲೆಕ್ಕ ಹಾಕಲು ಇದು ಬೇಕೇ ಬೇಕು. ಸಾರವನ್ನು ಮೈನಸ್ 20 ಡಿಗ್ರಿಯಲ್ಲಿಡಿ.

ಹಂತ 5: ಲ್ಯಾಬಿನಲ್ಲಿ ರೋಗಾಣುವಿನ ಮೇಲೆ

ಪ್ಲಾಸ್ಮೋಡಿಯಂ ಫಾಲ್ಸಿಪಾರಂ ರೋಗಾಣುವನ್ನು ಮನುಷ್ಯರ ಕೆಂಪು ರಕ್ತಕಣಗಳಲ್ಲಿ ಎಡೆಬಿಡದೆ ಬೆಳೆಸುವ ವಿಧಾನವನ್ನು 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಕಂಡುಹಿಡಿದರು. ಇಂದಿಗೂ ಎಲ್ಲರೂ ಬಳಸುವುದು ಅದನ್ನೇ: ಆರ್‌ಪಿಎಂಐ 1640 ದ್ರಾವಣ, 37 ಡಿಗ್ರಿ ಶಾಖ, ಆಮ್ಲಜನಕ ಕಡಿಮೆ ಇರುವ ಗಾಳಿ.

ಕನಿಷ್ಠ ಎರಡು ತಳಿ ಬಳಸಿ. ಒಂದು ಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಔಷಧಿಗೆ ಸಾಯುವ 3ಡಿ7. ಇನ್ನೊಂದು ಕ್ಲೋರೋಕ್ವಿನ್‌ಗೆ ಬಗ್ಗದ ಡಿಡಿ2 ಅಥವಾ ಡಬ್ಲ್ಯು2. 96 ಗುಳಿಗಳ ಪ್ಲೇಟಿನಲ್ಲಿ ಸಾರವನ್ನು ಅರ್ಧರ್ಧ ತೆಳು ಮಾಡುತ್ತಾ ಹಾಕಿ. 72 ಗಂಟೆ ಬಿಟ್ಟು, ಸೈಬರ್ ಗ್ರೀನ್ ಬಣ್ಣದಿಂದ ರೋಗಾಣುವಿನ ಡಿಎನ್‌ಎ ಎಷ್ಟಿದೆ ಎಂದು ಅಳೆಯಿರಿ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವೇ ಐಸಿ50. ಪ್ರತಿ ಪ್ಲೇಟಿನಲ್ಲೂ ನಾಲ್ಕು ಹೋಲಿಕೆ ಗುಳಿಗಳಿರಲಿ: ಔಷಧಿ ಹಾಕದ ರೋಗಾಣು, ರೋಗಾಣು ಇಲ್ಲದ ರಕ್ತಕಣ, ಬರೀ ದ್ರಾವಕ, ಮತ್ತು ಕ್ಲೋರೋಕ್ವಿನ್. ಕ್ಲೋರೋಕ್ವಿನ್ ಗುಳಿಯ ಫಲಿತಾಂಶ ನಿರೀಕ್ಷೆಯಂತೆ ಬರದಿದ್ದರೆ ಆ ಪ್ಲೇಟನ್ನು ಎಣಿಸಬೇಡಿ. ಪೂರ್ತಿ ಪ್ರಯೋಗವನ್ನು ಬೇರೆ ಬೇರೆ ದಿನ ಮೂರು ಸಲ ಮಾಡಿ.

ಕಚ್ಚಾ ಸಾರದ ಐಸಿ50 ಮಿಲಿಲೀಟರ್‌ಗೆ 5 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ತುಂಬಾ ಒಳ್ಳೆಯದು ಎನ್ನುತ್ತಾರೆ. 5ರಿಂದ 15ರವರೆಗೆ ಆಶಾದಾಯಕ. 50 ದಾಟಿದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಈ ಗಡಿಗಳು ಒಂದೊಂದು ತಂಡಕ್ಕೆ ಸ್ವಲ್ಪ ಬೇರೆ ಇರುತ್ತವೆ, ಆದರೆ ಹೆಚ್ಚುಕಡಿಮೆ ಇಷ್ಟೇ. 200 ಮೈಕ್ರೋಗ್ರಾಂ ಹಾಕಿ "ರೋಗಾಣು ಸತ್ತಿತು" ಎಂದು ಬರೆಯುವ ವರದಿಗಳನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅಷ್ಟು ಹಾಕಿದರೆ ಯಾವುದು ತಾನೇ ಸಾಯುವುದಿಲ್ಲ?

ಮೋಸ ಮಾಡುವ ಫಲಿತಾಂಶಗಳೂ ಇವೆ. ಸಪೋನಿನ್ ಎಂಬ ನೊರೆ ಬರಿಸುವ ವಸ್ತು ಇರುವ ಸಾರ ಕೆಂಪು ರಕ್ತಕಣವನ್ನೇ ಒಡೆಯುತ್ತದೆ. ಮನೆಯೇ ಬಿದ್ದರೆ ಒಳಗಿದ್ದ ರೋಗಾಣು ಬದುಕುವುದಿಲ್ಲ ಅಲ್ವಾ? ಅದನ್ನು ಔಷಧಿ ಎನ್ನಲಾಗದು. ಹಾಗಾಗಿ ರೋಗಾಣು ಇಲ್ಲದ ರಕ್ತಕಣಗಳ ಮೇಲೆ ಸಾರ ಹಾಕಿ, ಅವು ಒಡೆಯುತ್ತವಾ ಎಂದು ಬೇರೆಯಾಗಿ ನೋಡಿ. ಸಾರದ ಬಣ್ಣವೂ ಸೈಬರ್ ಗ್ರೀನ್ ಅಳತೆಯನ್ನು ಕೆಡಿಸಬಹುದು. ಅನುಮಾನ ಬಂದರೆ ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಎಣಿಸಿ.

ಆಮೇಲೆ ಅದೇ ಸಾರವನ್ನು ಸಸ್ತನಿಗಳ ಜೀವಕೋಶಗಳ ಮೇಲೆ ಹಾಕಿ. ವೀರೋ, ಹೆಪ್‌ಜಿ2 ಕೋಶಗಳನ್ನು ಇದಕ್ಕೆ ಬಳಸುತ್ತಾರೆ. ಈ ಜೀವಕೋಶಗಳಲ್ಲಿ ಅರ್ಧವನ್ನು ಸಾಯಿಸುವ ಪ್ರಮಾಣವನ್ನು ಐಸಿ50ಯಿಂದ ಭಾಗಿಸಿ. ಉತ್ತರ 10ಕ್ಕಿಂತ ಜಾಸ್ತಿ ಇರಬೇಕು. ಕಡಿಮೆ ಇದ್ದರೆ ಅದು ಸಿಕ್ಕಿದ್ದನ್ನೆಲ್ಲ ಸಾಯಿಸುವ ವಿಷ ಎನ್ನುವ ಅನುಮಾನ ಬರುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಮಲೇರಿಯಾಕ್ಕೆ ಬಳಸುವ ಕ್ರಿಪ್ಟೋಲೆಪಿಸ್ ಗಿಡದಲ್ಲಿ ಕ್ರಿಪ್ಟೋಲೆಪಿನ್ ಇದೆ. ಅದು ರೋಗಾಣುವನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಆದರೆ ಡಿಎನ್‌ಎಗೂ ಅಂಟಿಕೊಳ್ಳುತ್ತದೆ. ಅಂಥದ್ದನ್ನು ಮುಂದಕ್ಕೆ ಒಯ್ಯುವ ಮುನ್ನ ಎರಡು ಸಲ ಯೋಚಿಸಬೇಕು.

ಈ ಪರೀಕ್ಷೆಯ ಮಿತಿ ಗೊತ್ತಿರಲಿ. ಇಲ್ಲಿ ನೋಡುವುದು ರಕ್ತದ ಹಂತವನ್ನು ಮಾತ್ರ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ, ಅದರ ಬಗ್ಗೆ ಈ ಪ್ಲೇಟು ಏನೂ ಹೇಳುವುದಿಲ್ಲ. ದೇಹದೊಳಗೆ ಹೋಗಿ ಬದಲಾದ ಮೇಲಷ್ಟೇ ಕೆಲಸ ಮಾಡುವ ವಸ್ತುಗಳೂ ಇಲ್ಲಿ ಸಿಕ್ಕಿಬೀಳುವುದಿಲ್ಲ.

ಹಂತ 6: ಇಲಿಗಳಲ್ಲಿ

ಪ್ರಾಣಿ ನೀತಿ ಸಮಿತಿಯ ಅನುಮತಿ ಇಲ್ಲದೆ ಈ ಹಂತ ಮುಟ್ಟಬೇಡಿ. ಐದನೆಯ ಹಂತದಲ್ಲಿ ಸೋತ ಸಾರಕ್ಕಾಗಿ ಸುಮ್ನೆ ಇಲಿಗಳನ್ನು ಬಲಿಕೊಡುವುದೂ ಸರಿಯಲ್ಲ.

ಮೊದಲು ಒಂದೇ ದೊಡ್ಡ ಡೋಸ್ ಕೊಟ್ಟು, ತಕ್ಷಣದ ವಿಷಪರಿಣಾಮ ಇದೆಯಾ ಎಂದು 14 ದಿನ ನೋಡುತ್ತಾರೆ. ಸಾಮಾನ್ಯವಾಗಿ ಮೈತೂಕದ ಕಿಲೋಗೆ 2,000 ಮಿಲಿಗ್ರಾಂವರೆಗೆ ಹೋಗುತ್ತಾರೆ. ಆಮೇಲೆ ಪೀಟರ್ಸ್ ಅವರ ನಾಲ್ಕು ದಿನದ ಪರೀಕ್ಷೆ. ಪ್ಲಾಸ್ಮೋಡಿಯಂ ಬರ್ಗೈ ಎಂಬ ಇಲಿ ಮಲೇರಿಯಾ ರೋಗಾಣು ಹೊಕ್ಕ 1 ಕೋಟಿ ರಕ್ತಕಣಗಳನ್ನು ಪ್ರತಿ ಇಲಿಗೆ ಚುಚ್ಚಿ, ಕೆಲವು ಗಂಟೆಗಳ ನಂತರ ಮೊದಲ ಡೋಸ್ ಬಾಯಿಯ ಮೂಲಕ ಕೊಡಬೇಕು. ದಿನಕ್ಕೊಮ್ಮೆಯಂತೆ ನಾಲ್ಕು ದಿನ. ಐದನೆಯ ದಿನ ಬಾಲದ ತುದಿಯಿಂದ ರಕ್ತ ತೆಗೆದು ಎಣಿಕೆ. ಔಷಧಿ ಕೊಡದ ಗುಂಪಿನಲ್ಲಿ ಶೇ. 20 ರಕ್ತಕಣಗಳಲ್ಲಿ ರೋಗಾಣು ಇದ್ದು, ಕೊಟ್ಟ ಗುಂಪಿನಲ್ಲಿ ಶೇ. 8 ಇದ್ದರೆ ತಡೆ ಶೇ. 60. ಎಣಿಸುವವರಿಗೆ ಯಾವ ಸ್ಲೈಡ್ ಯಾವ ಗುಂಪಿನದ್ದು ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ, ಎಷ್ಟು ಪ್ರಾಮಾಣಿಕರಾದರೂ ಅಷ್ಟೇ.

ಕಿಲೋಗೆ 100 ಮಿಲಿಗ್ರಾಂನಲ್ಲೇ ಅರ್ಧಕ್ಕಿಂತ ಜಾಸ್ತಿ ತಡೆದರೆ ತುಂಬಾ ಒಳ್ಳೆಯ ಸಾರ. 500 ಮಿಲಿಗ್ರಾಂ ಬೇಕಾದರೆ ಸಾಧಾರಣ. ಸಾರ ಕುಡಿದ ಇಲಿಗಳು ಮೇವು ಬಿಟ್ಟಿವೆಯಾ ಎಂದು ದಿನಾ ತೂಕ ನೋಡಿ. ಇಲಿಗೆ ಸರಿಯಾದ ಆಹಾರ ಸಿಗದಿದ್ದರೂ ರೋಗಾಣುವಿನ ಬೆಳವಣಿಗೆ ಕುಗ್ಗುತ್ತದೆ. ಹಸಿವಿನ ಪರಿಣಾಮವನ್ನು ಔಷಧಿಯ ಲೆಕ್ಕಕ್ಕೆ ಹಾಕಿಬಿಡುವ ಅಪಾಯ ಇಲ್ಲಿದೆ.

ಪ್ಲೇಟಿನಲ್ಲಿ ಗೆದ್ದದ್ದು ಇಲಿಯಲ್ಲಿ ಸೋಲುವುದು ಸಾಮಾನ್ಯ. ಬೇವಿನಲ್ಲಿರುವ ಗೆಡುನಿನ್ ಪ್ಲೇಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಇಲಿಗೆ ಅದೊಂದನ್ನೇ ಕೊಟ್ಟರೆ ಅಷ್ಟಕ್ಕಷ್ಟೇ. ಗೆದ್ದೂ ಉಪಯೋಗಕ್ಕೆ ಬರದ್ದೂ ಇದೆ. ಚೀನಾದ ಡೈಕ್ರೋವಾ ಗಿಡದ ಫೆಬ್ರಿಫ್ಯೂಜಿನ್ ರೋಗಾಣುವಿಗೆ ಬಲವಾದ ಮದ್ದು. ಆದರೆ ವಿಪರೀತ ವಾಂತಿ ತರಿಸುವುದರಿಂದ ಔಷಧಿಯಾಗಲಿಲ್ಲ.

ಸಾರದೊಳಗಿನ ಯಾವ ವಸ್ತು ಕೆಲಸ ಮಾಡುತ್ತಿದೆ ಎಂದು ಬಿಡಿಸಿ ನೋಡುವುದು ಇನ್ನೊಂದು ದೊಡ್ಡ ವಿದ್ಯೆ. ಇಲ್ಲಿ ಇಷ್ಟು ಸಾಕು: ಸಾರವನ್ನು ಭಾಗ ಮಾಡಿ, ಪ್ರತಿ ಭಾಗವನ್ನೂ ಐದನೆಯ ಹಂತದಂತೆ ಪರೀಕ್ಷಿಸಿ, ಗೆದ್ದ ಭಾಗವನ್ನು ಮತ್ತೆ ಭಾಗ ಮಾಡಿ.

ಹಂತ 7: ಮನುಷ್ಯರಲ್ಲಿ

ಎಲ್ಲ ಎಚ್ಚರಿಕೆಯೂ ಸೇರುವ ಜಾಗ ಇದು. ನೀತಿ ಸಮಿತಿಯ ಒಪ್ಪಿಗೆ, ಔಷಧ ನಿಯಂತ್ರಕರ ಅನುಮತಿ, ಸಾರ್ವಜನಿಕ ನೋಂದಣಿ ಇಲ್ಲದೆ ಒಬ್ಬ ರೋಗಿಗೂ ಕೊಡುವಂತಿಲ್ಲ. ಮೊದಲ ಪ್ರಯೋಗದಲ್ಲಿ ಗರ್ಭಿಣಿಯರು, ಎಳೆ ಮಕ್ಕಳು, ತೀವ್ರ ಮಲೇರಿಯಾ ಇರುವವರು ಬೇಡ. ತೊಂದರೆ ಕಂಡ ಕೂಡಲೇ ಕೊಡಲು ಮಾನ್ಯತೆ ಪಡೆದ ಔಷಧಿ ಪಕ್ಕದಲ್ಲೇ ಸಿದ್ಧವಿರಬೇಕು.

ಪ್ರತಿ ರೋಗಿಗೂ ರೋಗಾಣು ಇರುವುದು ರಕ್ತಲೇಪದಿಂದ ಖಚಿತವಾಗಲಿ. ದಪ್ಪ ಲೇಪದಲ್ಲಿ 200 ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಸಿಕ್ಕ ರೋಗಾಣುಗಳನ್ನು 8,000ದಿಂದ ಗುಣಿಸಿ 200ರಿಂದ ಭಾಗಿಸಿದರೆ ಪ್ರತಿ ಮೈಕ್ರೋಲೀಟರ್‌ಗೆ ಎಷ್ಟು ಎಂದು ಸಿಗುತ್ತದೆ. 50 ಸಿಕ್ಕರೆ 2,000 ಎಂದರ್ಥ.

ಮೊದಲು ಡೋಸ್ ಹುಡುಕಬೇಕು. ಮಾಲಿಯಲ್ಲಿ ಆರ್ಗೆಮೋನ್ ಕಷಾಯವನ್ನು ಮೂರು ಪ್ರಮಾಣದಲ್ಲಿ 80 ರೋಗಿಗಳಿಗೆ ಕೊಟ್ಟು ನೋಡಿದರು. ದಿನಕ್ಕೊಮ್ಮೆ ಮೂರು ದಿನ ಕುಡಿದವರಲ್ಲಿ ಶೇ. 35 ಜನ ಗುಣವಾದರು. ದಿನಕ್ಕೆರಡು ಸಲ ಏಳು ದಿನ ಕುಡಿದವರಲ್ಲಿ ಶೇ. 73. ಅದಕ್ಕಿಂತ ಜಾಸ್ತಿ ಕೊಟ್ಟಾಗ ಶೇ. 65. ಜಾಸ್ತಿ ಕೊಟ್ಟದ್ದರಿಂದ ಲಾಭವಾಗಲಿಲ್ಲ, ಹಾಗಾಗಿ ನಡುವಿನದನ್ನು ಆರಿಸಿದರು. ಇನ್ನೊಂದು ಸಂಗತಿಯನ್ನು ಅವರು ಮುಚ್ಚಿಡಲಿಲ್ಲ: ಗುಣವಾದವರಲ್ಲೂ ಹೆಚ್ಚಿನವರ ರಕ್ತದಲ್ಲಿ ರೋಗಾಣು ಪೂರ್ತಿ ಹೋಗಿರಲಿಲ್ಲ, ಕಡಿಮೆಯಾಗಿತ್ತು ಅಷ್ಟೇ. ಪದೇ ಪದೇ ಮಲೇರಿಯಾ ಬಂದು ಸ್ವಲ್ಪ ರೋಗನಿರೋಧಕ ಶಕ್ತಿ ಬೆಳೆದವರಿಗೆ ಇದು ಸಾಕಾಗಬಹುದು. ಮಲೇರಿಯಾವನ್ನೇ ಕಾಣದವರಿಗೆ ಖಂಡಿತ ಸಾಲದು.

ಹೀಗಾಗಿ "ಗುಣ" ಎಂದರೆ ಏನು ಎಂದು ಪ್ರಯೋಗ ಶುರುವಾಗುವ ಮುಂಚೆಯೇ ಬರೆದಿಡಬೇಕು. ಜ್ವರ ಇಳಿಯುವುದಾ, ರೋಗಾಣು ಹೋಗುವುದಾ, ತೀವ್ರ ಮಲೇರಿಯಾ ಆಗದಿರುವುದಾ? ಫಲಿತಾಂಶ ನೋಡಿದ ಮೇಲೆ ಆರಿಸಿಕೊಂಡರೆ ಯಾವ ಗಿಡ ಬೇಕಾದರೂ ಪಾಸಾಗುತ್ತದೆ.

ಮುಂದಿನದು ಹೋಲಿಕೆಯ ಪ್ರಯೋಗ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಬೇಕು. ಹೋಲಿಕೆ ಇಂದಿನ ಒಳ್ಳೆಯ ಔಷಧಿಯ ಜೊತೆಗೇ ಆಗಬೇಕು. ಮಲೇರಿಯಾ ರೋಗಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಕಾಯುವುದು ಅನ್ಯಾಯ. 2010ರಲ್ಲಿ ಪ್ರಕಟವಾದ ಮಾಲಿಯ ಪ್ರಯೋಗದಲ್ಲಿ 301 ರೋಗಿಗಳಿದ್ದರು. ಕಷಾಯ ಕುಡಿದವರಲ್ಲಿ ಶೇ. 89 ಜನರಿಗೆ, ಆರ್ಟಿಮಿಸಿನಿನ್ ಸಂಯೋಜನೆಯ ಔಷಧಿ ಪಡೆದವರಲ್ಲಿ ಶೇ. 95 ಜನರಿಗೆ ಎರಡನೆಯ ಔಷಧಿ ಬೇಕಾಗಲಿಲ್ಲ.

ಕನಿಷ್ಠ 28 ದಿನ ರೋಗಿಗಳ ಬೆನ್ನು ಬಿಡಬೇಡಿ. ಆರ್ಟಿಮಿಸಿಯಾ ಎಲೆಯ ಚಹಾ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮೊದಲ ವಾರ ಫಲಿತಾಂಶ ಚೆನ್ನಾಗಿ ಕಂಡು, ತಿಂಗಳೊಳಗೆ ಅನೇಕರಲ್ಲಿ ರೋಗಾಣು ಮರಳಿದ್ದಿದೆ. ಒಂದೊಂದು ಲೋಟದಲ್ಲಿ ಒಂದೊಂದು ಪ್ರಮಾಣ ಹೋಗುತ್ತದೆ, ಅರೆಬರೆ ಡೋಸಿನಿಂದ ರೋಗಾಣು ಔಷಧಿಗೆ ಒಗ್ಗಿಕೊಳ್ಳುವ ಭಯವೂ ಇದೆ. ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಆರ್ಟಿಮಿಸಿಯಾ ಎಲೆ, ಪುಡಿ, ಚಹಾ ಬಳಕೆಯನ್ನು ಬೆಂಬಲಿಸುವುದಿಲ್ಲ. ಮತ್ತೆ ಕಂಡ ರೋಗಾಣು ಹಳೆಯದೋ, ಹೊಸ ಸೊಳ್ಳೆ ಕಚ್ಚಿ ಬಂದದ್ದೋ ಎಂದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ ತಿಳಿಯಬೇಕು.

ಹಂತ 8: ಪ್ರತಿ ಸಲವೂ ಅದೇ ಔಷಧಿ ಬರುವಂತೆ ಮಾಡುವುದು ಮತ್ತು ವರದಿ

ಗಿಡ ಗೆದ್ದರೂ, ಮುಂದಿನ ಕೊಯ್ಲಿನ ಗಿಡ ಇದರಂತೆಯೇ ಇರುತ್ತದೆ ಎಂದು ಹೇಳಲಾಗದು. ಅಳೆಯಲು ಸುಲಭವಾದ ಒಂದು ವಸ್ತುವನ್ನು ಗುರುತಾಗಿ ಇಟ್ಟುಕೊಂಡು, ಪ್ರತಿ ಸಲ ತೆಗೆದ ಸಾರದಲ್ಲೂ ಅದು ಎಷ್ಟಿದೆ ನೋಡಬೇಕು. ಆರ್ಗೆಮೋನ್‌ನಲ್ಲಿ ಬರ್ಬರಿನ್ ಆ ಕೆಲಸಕ್ಕೆ ಬರುತ್ತದೆ. ಸೀಸ, ಪಾದರಸದಂಥ ಲೋಹಗಳು, ಕೀಟನಾಶಕದ ಉಳಿಕೆ, ಬೂಸ್ಟಿನ ವಿಷ ಇವನ್ನೂ ಪರೀಕ್ಷಿಸಿ. ಒಣಗಿಸಿಟ್ಟ ಸಾರ ಆರು ತಿಂಗಳ ನಂತರವೂ ಅಷ್ಟೇ ಕೆಲಸ ಮಾಡುತ್ತದಾ ಎಂದು ಐದನೆಯ ಹಂತದ ಪರೀಕ್ಷೆಯನ್ನು ಮತ್ತೆ ಮಾಡಿ.

ವರದಿಯಲ್ಲಿ ಹರ್ಬೇರಿಯಂ ಸಂಖ್ಯೆ, ಸಾರ ತೆಗೆದ ಕ್ರಮ, ಇಳುವರಿ, ಹೋಲಿಕೆ ಔಷಧಿಯ ಅಂಕಿಗಳು, ಪ್ರಯೋಗ ಬಿಟ್ಟು ಹೋದ ರೋಗಿಗಳ ಸಂಖ್ಯೆ ಎಲ್ಲವೂ ಇರಲಿ. ಗಿಡ ಸೋತಿದ್ದರೂ ಪ್ರಕಟಿಸಿ. ಇಲ್ಲದಿದ್ದರೆ ಇನ್ನೊಂದು ತಂಡ ಅದೇ ಗಿಡದ ಮೇಲೆ ಅದೇ ಹಣ, ಅಷ್ಟೇ ಇಲಿಗಳನ್ನು ಕಳೆಯುತ್ತದೆ. ಅಚ್ಚಾದ ಪ್ರತಿಯ ಜೊತೆಗೆ, ಮೊದಲ ದಿನ ಮಾತಾಡಿದ ನಾಟಿ ವೈದ್ಯರು ಮತ್ತು ಮನೆಯವರ ಬಳಿ ಹೋಗಿ, ಅವರ ಗಿಡದ ಬಗ್ಗೆ ಏನು ಗೊತ್ತಾಯಿತು, ಯಾರಿಗೆ ಕೊಡಬಾರದು, ಯಾವಾಗ ಕೂಡಲೇ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಅವರ ಮಾತಿನಲ್ಲೇ ಹೇಳಿ ಬನ್ನಿ.